ಓಡ್ತಿರೋ ಮ್ಯಾನುವಲ್ ಕಾರಲ್ಲಿ ಇಂಜಿನ್ ಆಫ್ ಆಗಿದ್ರೆ, ಗೇರ್‌ಬಾಕ್ಸ್‌ಗೆ ಪೆಟ್ಟು ಬೀಳ್ದಂಗೆ ಮತ್ತೆ ಸ್ಟಾರ್ಟ್ ಮಾಡೋದು ಹೇಗೆ?

ಬ್ಯಾಟರಿ ಚೆನ್ನಾಗಿದ್ರೆ ಕೀ ತಿರುಗ್ಸಿನೇ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿರಿ, ಆಗ ಚಕ್ರಕ್ಕೂ ಇಂಜಿನ್‌ಗೂ ಸಂಬಂಧ ಇರಲ್ಲ, ಸ್ಟಾರ್ಟರ್ ಮೋಟರ್ ಇರೋದೇ ಈ ಕೆಲಸಕ್ಕೆ. ಆಮೇಲೆ ಸ್ಪೀಡಿಗೆ ತಕ್ಕ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಏರಿಸ್ಕೊಂಡು ಕ್ಲಚ್ ಬಿಡಿ, ಇಂಜಿನ್ ಕಡೆ, ಗೇರ್‌ಬಾಕ್ಸ್ ಕಡೆ ಎರಡೂ ವೇಗ ಹೊಂದಿದ್ರೆ ಜರ್ಕ್ ಬರೋದೇ ಇಲ್ಲ.

ಬ್ಯಾಟರಿ ವೀಕ್ ಆಗಿ ಸ್ಟಾರ್ಟರ್ ತಿರುಗ್ದಿದ್ರೆ ಮಾತ್ರ ಕೀ ಆನ್ ಇಟ್ಟು ಗೇರಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿ, ಅದೂ ಫಸ್ಟ್ ಗೇರ್ ಬೇಡವೇ ಬೇಡ. ಸಣ್ಣ ಕಾರುಗಳಲ್ಲಿ ಫಸ್ಟಲ್ಲಿ ಚಕ್ರ 1 ಸುತ್ತು ತಿರುಗೋಕೆ ಇಂಜಿನ್ ಸುಮಾರು 14 ಸುತ್ತು ತಿರುಗ್ಬೇಕು, ಆ ಹೊಡೆತ ಎಲ್ಲಾ ಕ್ಲಚ್ ಪ್ಲೇಟಿನ ಸ್ಪ್ರಿಂಗು, ಡ್ರೈವ್ ಶಾಫ್ಟ್ ಜಾಯಿಂಟು, ಇಂಜಿನ್ ಮೌಂಟಿಂಗ್ ಮೇಲೇ ಬೀಳತ್ತೆ. ಸೆಕೆಂಡ್ ಹಾಕಿ, ಸ್ಪೀಡ್ ಜಾಸ್ತಿ ಇದ್ರೆ ಥರ್ಡ್.

ಇನ್ನು ಪೆಟ್ರೋಲ್ ಉಳಿಸೋಕೆ ಅಂತ ಚಾರ್ಮಾಡಿ ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡೋರು ದಯವಿಟ್ಟು ನಿಲ್ಲಿಸಿ. ಎರಡು ಮೂರು ಸಲ ಒತ್ತೋಷ್ಟರಲ್ಲಿ ಬ್ರೇಕ್ ಒತ್ತೋಕೆ ಬಲ ಕೊಡೋ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗತ್ತೆ, ಸ್ಟೇರಿಂಗ್ ಬಿಗಿಯಾಗತ್ತೆ, ಕೀ ಹಿಂದಕ್ಕೆ ಪೂರ್ತಿ ತಿರುಗ್ಸಿ ತೆಗೆದ್ರೆ ಲಾಕೇ ಆಗ್ಬೋದು. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರಲ್ಲಿ ಗೇರಲ್ಲೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಇಳಿಜಾರಲ್ಲಿ ಇಂಧನ ತಾನೇ ಕಟ್ ಆಗತ್ತೆ.