ಇಂಡೋನೇಷ್ಯಾದ ಪತ್ರಿಕೋದ್ಯಮಕ್ಕೆ ಅಡಿಪಾಯ ಹಾಕಿದವರು ಯಾರು?

ನನ್ನ ಉತ್ತರ ತಿರ್ತೊ ಅಧಿ ಸೂರ್ಯೊ. ಜಾವಾದ ಬ್ಲೋರಾದಲ್ಲಿ 1880ರಲ್ಲಿ ಹುಟ್ಟಿದವರು. ಮನೆತನ ಡಚ್ಚರ ಆಡಳಿತಕ್ಕೆ ಅಧಿಕಾರಿಗಳನ್ನು ಕೊಟ್ಟದ್ದು. ಬಟಾವಿಯಾದ (ಇಂದಿನ ಜಕಾರ್ತಾ) ವೈದ್ಯಕೀಯ ಶಾಲೆಯ ಓದನ್ನು ಅರ್ಧಕ್ಕೇ ಬಿಟ್ಟು ಅವರು ಲೇಖನಿ ಹಿಡಿದರು.

1907ರಲ್ಲಿ ಆರಂಭವಾದ ಅವರ 'ಮೇದಾನ್ ಪ್ರಿಯಾಯಿ' ಮೊದಲು ವಾರಪತ್ರಿಕೆ, 1910ರಲ್ಲಿ ದಿನಪತ್ರಿಕೆ. ಹಣ ಸ್ಥಳೀಯರದು, ಸಂಪಾದಕತ್ವ ಸ್ಥಳೀಯರದು, ಭಾಷೆ ಮಲಯ್. ಆ ಕಾಲದ ಹೆಚ್ಚಿನ ಪತ್ರಿಕೆಗಳು ಯುರೋಪಿಯನ್ನರ ಇಲ್ಲವೇ ಚೀನೀ ವ್ಯಾಪಾರಿಗಳ ಕೈಯಲ್ಲಿದ್ದವು ಎಂಬುದನ್ನು ನೆನೆದರೆ ಇದು ಎಂಥ ಧೈರ್ಯ ಎಂದು ತಿಳಿಯುತ್ತದೆ. ಪತ್ರಿಕೆಯ ಶಿರೋನಾಮೆಯ ಕೆಳಗೇ 'ಆಳಿಸಿಕೊಳ್ಳುವ ಜನಾಂಗಗಳ' ಉಲ್ಲೇಖವಿತ್ತು. ಅಧಿಕಾರಿಗಳಿಂದ ಅನ್ಯಾಯಕ್ಕೊಳಗಾದ ಓದುಗರಿಗೆ ಪತ್ರಿಕೆ ಕಾನೂನಿನ ನೆರವನ್ನೂ ಕೊಡುತ್ತಿತ್ತು. ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಕೆಲಸವೇ.

ಪುರ್ವೊರೆಜೊ ಸೀಮೆಯ ಒಂದು ಹಳ್ಳಿಯ ಮುಖ್ಯಸ್ಥನ ನೇಮಕದಲ್ಲಿ ಜನರ ಆಯ್ಕೆಯನ್ನು ತುಳಿದ ಡಚ್ ಅಧಿಕಾರಿ ಸೈಮನ್‌ನನ್ನು ತಿರ್ತೊ ಹೆಸರೆತ್ತಿ ಖಂಡಿಸಿದರು. ಮಾನಹಾನಿಯ ಆರೋಪ ಬಂತು. 1910ರಲ್ಲಿ ಎರಡು ತಿಂಗಳ ಮಟ್ಟಿಗೆ ಸುಮಾತ್ರಾದ ಲಾಂಪುಂಗ್‌ಗೆ ಗಡೀಪಾರಾದರು. ಅಲ್ಲಿಂದಲೂ ಬರೆಯುವುದನ್ನು ನಿಲ್ಲಿಸಲಿಲ್ಲ.

1908ರಲ್ಲಿ ಅವರು ಮಹಿಳೆಯರಿಗಾಗಿ 'ಪುತ್ರಿ ಹಿಂದಿಯಾ' ಪತ್ರಿಕೆಯನ್ನೂ ತಂದಿದ್ದರು.

ಸಾಲದ ಹೊರೆಗೆ ಸಿಕ್ಕಿ 1912ರಲ್ಲಿ 'ಮೇದಾನ್ ಪ್ರಿಯಾಯಿ' ಮುಚ್ಚಿತು. ತಿರ್ತೊ ಮತ್ತೊಮ್ಮೆ ಗಡೀಪಾರಾಗಿ, ಹಿಂದಿರುಗಿದ ಮೇಲೆ 1918ರಲ್ಲಿ ಬಟಾವಿಯಾದಲ್ಲಿ ತೀರಿಕೊಂಡರು. ಬಹುಕಾಲ ಮರೆತುಹೋಗಿದ್ದ ಅವರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ ಮುಖ್ಯರು. 2006ರಲ್ಲಿ ಸರ್ಕಾರ ತಿರ್ತೊ ಅವರನ್ನು ರಾಷ್ಟ್ರೀಯ ವೀರರೆಂದು ಘೋಷಿಸಿತು.