ಪ್ರತಿಕ್ರಿಯೆ: ರಸ್ತೆ ಅಗಲವಾದ ಮೇಲೆ ಒಣಗುತ್ತಿರುವ ಮರ

ರಸ್ತೆ ಅಗಲ ಮಾಡಿ ಎರಡು ವರ್ಷವಾದ ಮೇಲೆ ಮರದ ತುದಿಕೊಂಬೆಗಳು ಒಣಗುತ್ತಿವೆ, ಮರವನ್ನಂತೂ ಯಾರೂ ಮುಟ್ಟಿಲ್ಲ, ಇದು ರೋಗವೇ ಎಂದು ಕೇಳಿದ್ದೀರಿ. ರೋಗಕ್ಕಿಂತ ಮೊದಲು ಬೇರನ್ನು ಅನುಮಾನಿಸಿ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ 45ರಿಂದ 60 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಚರಂಡಿ, ಕೇಬಲ್ಲಿಗೆಂದು ಅಗೆಯುವುದೂ ಅಲ್ಲೇ. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಮರ ಒಂದೆರಡು ವರ್ಷ ತಳ್ಳುತ್ತದೆ, ಹಾಗಾಗಿ ಪೆಟ್ಟು ತಡವಾಗಿ ಕಾಣುತ್ತದೆ.

ಬೇರಿನ ಜಾಗ ಎಷ್ಟೆಂದು ತಿಳಿಯಲು, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಹಿಡಿದು 3.14ರಿಂದ ಭಾಗಿಸಿ, ಬಂದ ವ್ಯಾಸವನ್ನು 12ರಿಂದ ಗುಣಿಸಿ. ಸುತ್ತಳತೆ 157 ಸೆಂ.ಮೀ. ಇದ್ದರೆ ವ್ಯಾಸ 50. ಅಂದರೆ ಸುತ್ತಲೂ 6 ಮೀಟರ್ ಬೇರಿನ ಜಾಗ. ಅದರಲ್ಲಿ ಎಷ್ಟು ಕಾಂಕ್ರೀಟಿನಡಿ ಸೇರಿದೆ ನೋಡಿ, ಮನಸ್ಸಿಗೆ ನೋವಾಗುತ್ತದೆ.

ಕಾಂಡಕ್ಕೆ ತಾಗಿದ ಕಾಂಕ್ರೀಟನ್ನು, ಅನುಮತಿ ಪಡೆದು, ಸುತ್ತಲೂ ಕನಿಷ್ಠ ಒಂದು ಮೀಟರ್ ತೆಗೆಸಿ. ಕೈಯಿಂದಲೇ ಒಡೆಸಿ, ಯಂತ್ರದ ಬಕೆಟ್ ಬೇರನ್ನು ಕತ್ತರಿಸುವುದಿಲ್ಲ, ಸೀಳಿ ಎಳೆಯುತ್ತದೆ, ಆ ಗಾಯದಲ್ಲಿ ಕೊಳೆ ಹಿಡಿಯುತ್ತದೆ. 5 ಸೆಂ.ಮೀ.ಗಿಂತ ದಪ್ಪ ಬೇರು ಕಡಿಯಬೇಡಿ. ಬುಡ ಅಗಲವಾಗುವ ಭಾಗ ಮಣ್ಣಿನಲ್ಲಿ ಹೂತಿದ್ದರೆ ಬಿಡಿಸಿ. ಮೇಲೆ 5ರಿಂದ 8 ಸೆಂ.ಮೀ. ತರಗೆಲೆ ಹೊದಿಕೆ ಸಾಕು, ಕಾಂಡಕ್ಕೆ ಮಾತ್ರ ತಾಗಬಾರದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಿಧಾನವಾಗಿ, ಆಳಕ್ಕಿಳಿಯುವಂತೆ ನೀರು ಕೊಡಿ. ಗೊಬ್ಬರ ಈಗ ಬೇಡವೇ ಬೇಡ.

ಒಂದೇ ಬದಿಯ ದಪ್ಪ ಬೇರುಗಳು ಹೋಗಿ, ಮರ ಹೊಸದಾಗಿ ವಾಲಿದ್ದರೆ ಅಥವಾ ಬುಡದ ಮಣ್ಣು ಬಿರಿದಿದ್ದರೆ ಕಾಯಬೇಡಿ. ಮಳೆಗಾಲಕ್ಕೆ ಮೊದಲೇ ತಜ್ಞರಿಗೆ ತೋರಿಸಿ.