ಅಕ್ಕನ ಮೊಣಕಾಲು ಊತ: ಕ್ಯಾನ್ಸರ್ ಅಲ್ಲ
ಮಂಡ್ಯದಲ್ಲಿ ಅಕ್ಕನ ಮೊಣಕಾಲಿಂದ ಕಂದು ನೀರು ತೆಗೆದು ಪಿವಿಎನ್‌ಎಸ್ ಅಂದರು, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಅಲ್ಲ. ಪಿವಿಎನ್‌ಎಸ್ (ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್) ಅಂದರೆ ಕೀಲಿನ ಒಳಪೊರೆ ಅತಿಯಾಗಿ ಬೆಳೆದು ಆಗಾಗ ರಕ್ತ ಒಸರುತ್ತದೆ. ಆ ರಕ್ತದ ಕಬ್ಬಿಣದ ಅಂಶದಿಂದಲೇ ಕಂದು ಬಣ್ಣ. ಎಂಆರ್‌ಐನಲ್ಲಿ ಅದು ಕಪ್ಪಗೆ ಕಾಣುತ್ತದೆ. ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ. ಖಚಿತವಾಗುವುದು ಬಯಾಪ್ಸಿಯಲ್ಲಿ. ರಿಪೋರ್ಟ್‌ನಲ್ಲಿ 'ಟೆನೋಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್' ಅಂತಿದ್ದರೆ ಗಾಬರಿಯಾಗಬೇಡಿ, ಇದರದ್ದೇ ಹೊಸ ಹೆಸರು (ಹೆದರಿಸೋ ಹೆಸರೇ, ಅಲ್ವಾ).

ಮೈಸೂರಿನ ಮೂಳೆ ಡಾಕ್ಟರನ್ನು ಒಂದು ಮಾತು ಕೇಳಿ: ಒಂದೇ ಗಂಟಾ, ಕೀಲೆಲ್ಲಾ ಹರಡಿದೆಯಾ? ಒಂದೇ ಆದರೆ ತೆಗೆದ ಮೇಲೆ ಮರಳುವುದು ಕಡಿಮೆ. ಹರಡಿದ್ದರೆ ಜಾಸ್ತಿ, ಆಪರೇಷನ್ ಆದ ಮೇಲೂ ಎಂಆರ್‌ಐ ಮಾಡಿಸುತ್ತಿರಬೇಕು. ಈ ಕಾಯಿಲೆಗೆಂದು ಬಂದ ಪೆಕ್ಸಿಡಾರ್ಟಿನಿಬ್ ಮಾತ್ರೆಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಆದರೆ ಅದರಿಂದ ಲಿವರ್‌ಗೆ ಅಪಾಯವಿದೆ.